ಹದಿನಾಲ್ಕಕ್ಕೂ ಹದಿನೆಂಟಕ್ಕೂ ನಡುವೆ

(ಮಾತಾಡುತ್ತಿರುವವರು ಇಬ್ಬರು: ಕೊಡಗಿನ ಒಬ್ಬ ಕಾಫಿ ಬೆಳೆಗಾರರು, ಒಬ್ಬ ಪ್ರೌಢಶಾಲೆಯ ಮೇಷ್ಟ್ರು. ಇಬ್ಬರೂ ಕಲ್ಪಿತರು. ಮಾತಿನ ನಡುವೆ ಬರುವ ಊರು, ಕಾನೂನು, ಅಂಕಿಗಳು ಕಲ್ಪಿತವಲ್ಲ.)

ಬೆಳೆಗಾರರು: ಹದಿಹರೆಯದ ಮಕ್ಕಳ ಕಷ್ಟ ಅಂದರೆ ಈಗ ಯಾರನ್ನು ಕೇಳಿದರೂ ಒಂದೇ ಪಟ್ಟಿ ಒಪ್ಪಿಸುತ್ತಾರೆ, ಮೇಷ್ಟ್ರೇ. ಮೊಬೈಲು, ಬೈಕು, ನೀಟ್ ಕೋಚಿಂಗು, ಪ್ರೀತಿ ಪ್ರೇಮ, ಅಪ್ಪ ಅಮ್ಮ ಏನು ಹೇಳಿದರೂ ಎದುರುತ್ತರ. ವಿರಾಜಪೇಟೆಯಲ್ಲೂ ಅದೇ, ಬೆಂಗಳೂರಿನ ಜಯನಗರದಲ್ಲೂ ಅದೇ. ವಾರಪತ್ರಿಕೆಯ ಆಪ್ತಸಲಹೆಯ ಪುಟ ತೆಗೆದರೆ ಕೇಳಿದವರ ಊರು ಬದಲಾಗಿರುತ್ತೆ, ಪ್ರಶ್ನೆ ಬದಲಾಗಿರುವುದಿಲ್ಲ. ಇದರಲ್ಲಿ ಕೊಡಗಿನದು ಅಂತ ಬೇರೆ ಮಾತಾಡುವುದಕ್ಕೆ ಏನಿದೆ? ನಮ್ಮಲ್ಲಿ ಮಳೆ ಜಾಸ್ತಿ, ಆನೆ ಜಾಸ್ತಿ, ಅಷ್ಟೇ. ಹದಿನಾರು ವರ್ಷದ ಹುಡುಗ ಎಲ್ಲಿದ್ದರೂ ಹದಿನಾರು ವರ್ಷದ ಹುಡುಗನೇ.

ಮೇಷ್ಟ್ರು: ನಿಮ್ಮ ಪಟ್ಟಿ ಸುಳ್ಳೇನೂ ಅಲ್ಲ. ಆದರೆ ಅದು ಹದಿಹರೆಯ ಅನ್ನುವ ಕಾಲ ಕೈಗೆ ಸಿಕ್ಕವರ ಪಟ್ಟಿ. ಓದಿಗೆ ಮನೆಯವರು ಖರ್ಚು ಮಾಡುತ್ತಾರೆ, ದುಡಿದು ತಾ ಅಂತ ಯಾರೂ ಹೇಳುವುದಿಲ್ಲ, ತಪ್ಪು ಮಾಡಿದರೆ ಬೈದು ಮತ್ತೆ ಒಳಗೆ ಕರೆದು ಊಟಕ್ಕೆ ಬಡಿಸುತ್ತಾರೆ. ಇಂಥ ನಾಲ್ಕೈದು ವರ್ಷ ಸಿಕ್ಕ ಮಗು ಮಾತ್ರ ಎದುರುತ್ತರ ಕೊಡಬಲ್ಲದು. ಕೊಡಗಿನಲ್ಲಿ ಆ ಕಾಲ ಎಲ್ಲರಿಗೂ ಸಿಗುತ್ತಿಲ್ಲ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 5,54,519. ಅವರಲ್ಲಿ ನೂರಕ್ಕೆ ಎಂಬತ್ತೈದು ಮಂದಿ ಹಳ್ಳಿಯಲ್ಲಿರುವವರು, ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು: ಯರವರು, ಜೇನುಕುರುಬರು, ಬೆಟ್ಟಕುರುಬರು, ಇನ್ನೂ ಕೆಲವರು. ಇವರಲ್ಲಿ ಬಹಳ ಕುಟುಂಬಗಳು ಆದಿವಾಸಿಗಳ ಹಾಡಿಯಲ್ಲೋ ತೋಟದವರು ಆಳುಗಳಿಗೆ ಕಟ್ಟಿಸಿದ ಲೈನ್ ಮನೆಯಲ್ಲೋ ಇವೆ. ಆ ಮನೆಯ ಹುಡುಗ ಹದಿಮೂರರವರೆಗೆ ಮಗು, ಹದಿನೈದಕ್ಕೆ ಆಳು. ನಡುವೆ ಇರಬೇಕಾದ ವರ್ಷಗಳು ಎಲ್ಲಿ ಹೋದವು ಅಂತ ಯಾರೂ ಕೇಳುವುದಿಲ್ಲ. ಅದೇ ತೋಟದ ದೊಡ್ಡ ಮನೆಯ ಹುಡುಗನಿಗೆ ಆ ವರ್ಷಗಳು ಸಿಗುತ್ತವೆ, ಆದರೆ ಮೈಸೂರಿನ, ಮಂಗಳೂರಿನ, ಬೆಂಗಳೂರಿನ ಹಾಸ್ಟೆಲಿನಲ್ಲಿ ಸಿಗುತ್ತವೆ. ಒಬ್ಬನಿಗೆ ಹದಿಹರೆಯ ಇಲ್ಲ, ಇನ್ನೊಬ್ಬನಿಗೆ ಊರಲ್ಲಿ ಇಲ್ಲ. ಎರಡಕ್ಕೂ ಕಾರಣ ಒಂದೇ ಅನ್ನುವುದು ನನ್ನ ವಾದ. ಹದಿನಾಲ್ಕು ತುಂಬಿದ ಮೇಲೆ ಮಕ್ಕಳನ್ನು ಇಟ್ಟುಕೊಳ್ಳುವ ಏರ್ಪಾಡನ್ನು ಈ ಜಿಲ್ಲೆ ಗಟ್ಟಿಯಾಗಿ ಕಟ್ಟಿಕೊಂಡಿಲ್ಲ.

ಬೆಳೆಗಾರರು: ಏರ್ಪಾಡು ಅಂತ ಶುರುಮಾಡಿದರೆ ವಿಷಯ ಸರಕಾರಕ್ಕೆ ಹೋಗಿಬಿಡುತ್ತೆ. ನಾನು ಕೇಳಿದ್ದು ಮನಸ್ಸಿನ ವಿಷಯ. ಹದಿಹರೆಯದ ತಳಮಳಕ್ಕೆ ಕಾರಣ ಮೈಯೊಳಗೇ ಇದೆ ಅಂತ ಡಾಕ್ಟರುಗಳೇ ಹೇಳುತ್ತಾರಲ್ಲ? ಹಾರ್ಮೋನಿಗೆ ಲೈನ್ ಮನೆ ಯಾವುದು, ಬಂಗಲೆ ಯಾವುದು ಅಂತ ಗೊತ್ತಾಗುತ್ತದೆಯೇ?

ಮೇಷ್ಟ್ರು: ಗೊತ್ತಾಗುವುದಿಲ್ಲ, ನನ್ನ ವಾದಕ್ಕೆ ಅದೇ ಬೇಕಾದದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಹಾಲ್ 1904ರಲ್ಲಿ ಎರಡು ಸಂಪುಟ ಬರೆದು ಈ ವಯಸ್ಸನ್ನು ಬಿರುಗಾಳಿಯ ಕಾಲ ಎಂದು ಚಿತ್ರಿಸಿದ. 1928ರಲ್ಲಿ ಮಾರ್ಗರೆಟ್ ಮೀಡ್ ಸಮೋವಾ ದ್ವೀಪದ ಹುಡುಗಿಯರ ಬಗ್ಗೆ ಬರೆದು, ಬಿರುಗಾಳಿ ಎಲ್ಲ ಸಮಾಜದಲ್ಲೂ ಏಳುವುದಿಲ್ಲ ಅಂದಳು. 1983ರಲ್ಲಿ ಡೆರೆಕ್ ಫ್ರೀಮನ್ ಅವಳ ಪುಸ್ತಕವನ್ನೇ ಅಲ್ಲಗಳೆದ. ಆ ಜಗಳ ಪಂಡಿತರು ಆಡಿಕೊಳ್ಳಲಿ. ಈಗ ಹೆಚ್ಚುಕಡಿಮೆ ಎಲ್ಲರೂ ಒಪ್ಪುವ ಸಂಗತಿ ಒಂದಿದೆ. ಮುಂದಾಲೋಚನೆ ಮಾಡುವ, ಹಠವನ್ನು ಹಿಡಿದು ನಿಲ್ಲಿಸುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ, ಇಪ್ಪತ್ತೈದರ ಆಸುಪಾಸಿನಲ್ಲಿ. ಇದು ಎಲ್ಲ ಮಕ್ಕಳಿಗೂ ಒಂದೇ ಆದರೆ, ಹದಿನೈದಕ್ಕೆ ದುಡಿಮೆಗೆ ನಿಂತ ಯರವರ ಹುಡುಗನ ಮಿದುಳೂ ಅಷ್ಟೇ ಎಳೆಯದು. ಅವನೂ ಸ್ನೇಹಿತರ ಮಾತಿಗೆ ಬೀಳುತ್ತಾನೆ, ಅವನೂ ಕುಡಿತದ ರುಚಿ ನೋಡುತ್ತಾನೆ. ದೊಡ್ಡ ಮನೆಯ ಹುಡುಗ ಪಿಯುಸಿಯಲ್ಲಿ ಫೇಲಾದರೆ ಒಂದು ವರ್ಷ ಹಾಳಾಯಿತು ಅಂತೀವಿ, ಮತ್ತೆ ಕಟ್ಟಿಸುತ್ತೇವೆ. ಲೈನ್ ಮನೆಯ ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿ ಎರಡು ತಿಂಗಳು ಶಾಲೆ ತಪ್ಪಿಸಿದರೆ ಅವಳ ಓದು ಅಲ್ಲಿಗೆ ಮುಗಿಯಿತು. ಪ್ರಕೃತಿ ಇಬ್ಬರಿಗೂ ಒಂದೇ ಮಿದುಳು ಕೊಟ್ಟಿದೆ, ತಪ್ಪಿನ ಬೆಲೆಯನ್ನು ಬೇರೆ ಬೇರೆ ಇಟ್ಟವರು ನಾವು.

ಬೆಳೆಗಾರರು: ಒಂದು ನಿಮಿಷ. ನೀವು ಹೇಳುವಷ್ಟು ಕೆಟ್ಟಿದ್ದರೆ ನಮ್ಮ ಫಲಿತಾಂಶ ಹೇಗೆ ಬರುತ್ತಿತ್ತು? 2023ರ ದ್ವಿತೀಯ ಪಿಯು ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ಮೂರನೇ ಸ್ಥಾನ ಕೊಡಗಿಗೆ, ಶೇಕಡಾ 90.55. 2019ರಲ್ಲೂ ಮೂರನೆಯವರು ನಾವೇ. ಕಲಬುರಗಿ, ಯಾದಗಿರಿ ಕಡೆಯವರು ಇದನ್ನು ಕೇಳಿದರೆ ನಿಮ್ಮ ದೂರಿಗೆ ನಗುತ್ತಾರೆ.

ಮೇಷ್ಟ್ರು: ಆ ಶೇಕಡಾವಾರು ಲೆಕ್ಕ ಪರೀಕ್ಷೆಗೆ ಕುಳಿತವರದು. ಎಂಟನೇ ತರಗತಿಯಲ್ಲಿ ಹೆಸರಿದ್ದು ಪಿಯು ಪರೀಕ್ಷೆಯ ಹೊತ್ತಿಗೆ ಎಲ್ಲೂ ಇಲ್ಲದ ಮಗು ಆ ಲೆಕ್ಕದಲ್ಲಿ ಫೇಲೂ ಅಲ್ಲ, ಪಾಸೂ ಅಲ್ಲ. ಕಷ್ಟದಲ್ಲಿರುವ ಮಕ್ಕಳು ಮೊದಲೇ ಉದುರಿಹೋದಷ್ಟೂ ಫಲಿತಾಂಶ ಚೆನ್ನಾಗಿ ಕಾಣುತ್ತದೆ, ಅಂಥ ವಿಚಿತ್ರ ಲೆಕ್ಕ ಅದು. ಮಕ್ಕಳು ಯಾವಾಗ ಉದುರುತ್ತಾರೆ ಅನ್ನುವುದಕ್ಕೆ ನಮ್ಮ ಶಾಲೆಯ ವರ್ಷವನ್ನೇ ನೋಡಿ. ಜೂನ್ ತಿಂಗಳಲ್ಲಿ ಶಾಲೆ, ಮುಂಗಾರು ಎರಡೂ ಒಟ್ಟಿಗೆ ಶುರು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜೋರು ಮಳೆಯ ದಿನ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ, ಕೊಡಲೇಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳೇ ಜರಿದು ಬಂದದ್ದನ್ನು ಕಂಡ ಮೇಲೆ ಅದರ ಬಗ್ಗೆ ಯಾರೂ ತಕರಾರು ಎತ್ತಲಾರರು. ಮಳೆ ಬಿಟ್ಟು ಪಾಠ ಹಳಿಗೆ ಬರುವಷ್ಟರಲ್ಲಿ ನವೆಂಬರು. ಅರೇಬಿಕಾ ಕೆಂಪಾಗುತ್ತದೆ, ಅದರ ಹಿಂದೆಯೇ ರೋಬಸ್ಟಾ. ಫೆಬ್ರವರಿವರೆಗೆ, ಕೆಲವು ಕಡೆ ಅದಕ್ಕೂ ಮುಂದೆ ಕೊಯ್ಲು. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ಶಾಲೆಯ ವರ್ಷದ ತಲೆಯನ್ನು ಮಳೆ ತಿಂದಿತು, ಬಾಲವನ್ನು ಕಾಫಿ ತಿಂದಿತು. ಮನೆಯಲ್ಲಿ ಓದಿಸುವವರಿದ್ದರೆ, ಟ್ಯೂಷನ್ನಿಗೆ ದುಡ್ಡಿದ್ದರೆ, ಎರಡೂ ತುದಿಯ ನಷ್ಟ ತುಂಬಿಕೊಳ್ಳಬಹುದು. ಇಲ್ಲದವರು ನಡುವಿನಲ್ಲಿ ಉಳಿದಷ್ಟು ಪಾಠದಲ್ಲೇ ಹತ್ತನೇ ತರಗತಿ ಮುಗಿಸಬೇಕು.

ಬೆಳೆಗಾರರು: ಮಳೆಯನ್ನು ನಮ್ಮ ತಲೆಗೆ ಕಟ್ಟಲಿಲ್ಲವಲ್ಲ, ಪುಣ್ಯ. ಆದರೆ ಕಾಫಿಯನ್ನು ಕಟ್ಟುತ್ತಿದ್ದೀರಿ. ಹದಿನಾಲ್ಕು ವರ್ಷದವರನ್ನು ಇಂದು ಯಾವ ತೋಟದಲ್ಲೂ ಹೆಸರು ಬರೆದು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ತೋಟದ ಲೆಕ್ಕ ಬರೆಯುವ ರೈಟರ ಪುಸ್ತಕ ತೆಗೆದು ನೋಡಿ, ಒಂದೇ ಒಂದು ಮಗುವಿನ ಹೆಸರು ಸಿಕ್ಕರೆ ಹೇಳಿ.

ಮೇಷ್ಟ್ರು: ಸಿಗುವುದಿಲ್ಲ. ಯಾಕೆಂದರೆ ಕೊಯ್ಲಿನ ಕೂಲಿ ತೂಕದ ಲೆಕ್ಕ. ಕಿಲೋಗೆ ಇಷ್ಟು ಅಂತ. ಸಂಜೆ ಚೀಲ ತೂಗುವಾಗ ಹೆಸರು ಅಪ್ಪನದೋ ಅಮ್ಮನದೋ ಇರುತ್ತದೆ, ಚೀಲದೊಳಗಿನ ಹಣ್ಣು ಎಷ್ಟು ಕೈ ಬಿಡಿಸಿದ್ದು ಅನ್ನುವುದನ್ನು ತಕ್ಕಡಿ ಹೇಳುವುದಿಲ್ಲ. ತೋಟದವರು ಮಕ್ಕಳನ್ನು ಕರೆಯಬೇಕಾಗಿಯೇ ಇಲ್ಲ. ವರ್ಷದಲ್ಲಿ ನಾಲ್ಕು ದುಡ್ಡು ಕಾಣುವ ಕಾಲ ಅದೊಂದೇ, ಮುಂಗಡ ತೀರಿಸುವ ಕಾಲವೂ ಅದೇ. ಹಾಗಿರುವಾಗ ಅಪ್ಪ ಅಮ್ಮ ತಾವಾಗಿಯೇ ಕರೆದುಕೊಂಡು ಬರುತ್ತಾರೆ. ಹಣ್ಣು ಬಿಡಿಸದ ಹುಡುಗಿ ಲೈನಿನಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾಳೆ, ಅದು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಯಾರನ್ನೂ ಖಳನನ್ನಾಗಿ ಮಾಡುವುದು ನನ್ನ ಉದ್ದೇಶ ಅಲ್ಲ. ತೂಕದ ಕೂಲಿ ಅನ್ನುವ ಪದ್ಧತಿಯೊಳಗೇ ಹದಿಹರೆಯದವರ ದುಡಿಮೆ ಅಡಗಿ ಕುಳಿತಿದೆ ಅಂತ ಹೇಳುತ್ತಿದ್ದೇನೆ. ಅದನ್ನು ಹುಡುಕುವ ಕಾನೂನೂ ಇಲ್ಲ. 1951ರ ತೋಟ ಕಾರ್ಮಿಕ ಕಾಯ್ದೆ ಬರೆದವರು ಕಾರ್ಮಿಕರ ಮಕ್ಕಳ ಓದಿನ ಬಗ್ಗೆ ಯೋಚಿಸಿದರು, ನಿಜ. ಇಪ್ಪತ್ತೈದಕ್ಕಿಂತ ಹೆಚ್ಚು ಮಕ್ಕಳಿರುವ ತೋಟದಲ್ಲಿ ಮಾಲೀಕರು ಶಿಕ್ಷಣದ ವ್ಯವಸ್ಥೆ ಮಾಡುವಂತೆ ಸರಕಾರ ನಿಯಮ ತರಬಹುದು ಅಂದರು. ಯಾವ ವಯಸ್ಸಿನ ಮಕ್ಕಳು? ಆರರಿಂದ ಹನ್ನೆರಡು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ಅಂದಿತು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದು ಹದಿನಾಲ್ಕರ ಒಳಗಿನವರಿಗೆ ಎಲ್ಲ ಕೆಲಸವೂ ನಿಷೇಧ ಆಯಿತು, ಮನೆಯವರ ಉದ್ಯಮಕ್ಕೆ ಶಾಲೆ ಬಿಟ್ಟ ಮೇಲೆ ಕೈಜೋಡಿಸುವಂಥ ವಿನಾಯಿತಿ ಬಿಟ್ಟು. ಹದಿನಾಲ್ಕರಿಂದ ಹದಿನೆಂಟರವರಿಗೆ ಅಪಾಯಕರ ಕೆಲಸ ಮಾತ್ರ ನಿಷೇಧ. ಅಂದರೆ ಎಪ್ಪತ್ತು ವರ್ಷದಲ್ಲಿ ಬಂದ ಯಾವ ಕಾನೂನೂ ಹದಿನೈದು ವರ್ಷದ ಹುಡುಗನಿಗೆ ನಿನ್ನ ಜಾಗ ಶಾಲೆ ಅಂತ ಹಕ್ಕಾಗಿ ಹೇಳಲಿಲ್ಲ.

ಬೆಳೆಗಾರರು: ಹಕ್ಕು ಕೊಟ್ಟರೂ ಬರಬೇಕಲ್ಲ? ಆಶ್ರಮ ಶಾಲೆ ಇದೆ, ಹಾಸ್ಟೆಲ್ ಇದೆ, ಬಿಸಿಯೂಟ ಹತ್ತನೇ ತರಗತಿವರೆಗೂ ಇದೆ. ಬಟ್ಟೆ, ಪುಸ್ತಕ ಎಲ್ಲ ಪುಕ್ಕಟೆ. ಸೇರಿಸಿ ಬಂದ ವಾರಕ್ಕೇ ಮಕ್ಕಳು ಓಡಿ ಬರುತ್ತಾರೆ, ತಂದೆ ತಾಯಿ ಮರಳಿ ಕಳಿಸುವುದಿಲ್ಲ. ಅವರ ಜೀವನಕ್ರಮವೇ ಹಾಗೆ, ನಾವು ಯಾಕೆ ನಮ್ಮ ಅಳತೆಗೋಲು ಹಿಡಿಯಬೇಕು ಅಂತ ಕೇಳುವವರೂ ಇದ್ದಾರೆ. ಹದಿಹರೆಯ ಅನ್ನುವ ಕಲ್ಪನೆಯೇ ಅವರಲ್ಲಿಲ್ಲ ಅಂದಮೇಲೆ ಕಳೆದುಕೊಂಡರು ಅನ್ನುವುದು ಹೇಗೆ?

ಮೇಷ್ಟ್ರು: ಈ ವಾದ ಕೇಳಲು ಗೌರವದ ಹಾಗಿರುತ್ತೆ, ಪರಿಣಾಮದಲ್ಲಿ ಮಾತ್ರ ಕೂಲಿಗೆ ಅನುಕೂಲ. ಜೀವನಕ್ರಮ ಅನ್ನುವುದು ಕಾಡಿನಲ್ಲಿದ್ದಾಗಿನ ಮಾತು. ಅಲ್ಲಿ ಹದಿನಾಲ್ಕರ ಹುಡುಗ ಹಿರಿಯರ ಜೊತೆ ಜೇನಿಗೆ ಹೋಗಿ ಒಂದು ವಿದ್ಯೆ ಕಲಿಯುತ್ತಿದ್ದ, ಅದು ಅವನ ಶಾಲೆ. ಲೈನ್ ಮನೆಯಲ್ಲಿ ಆ ವಿದ್ಯೆಯೂ ಇಲ್ಲ, ಈ ವಿದ್ಯೆಯೂ ಇಲ್ಲ. ಮೇಲಾಗಿ ಆ ಮನೆ ಅವರದಲ್ಲ, ಕೆಲಸ ಇರುವವರೆಗೆ ಮಾತ್ರ. ತೋಟ ಬದಲಾದರೆ ಶಾಲೆ ಬದಲು. ಟಿಸಿ ಒಂದು ಕಡೆ, ಮಗು ಒಂದು ಕಡೆ, ಜಾತಿ ಪ್ರಮಾಣಪತ್ರಕ್ಕೆ ವಿಳಾಸ ಇನ್ನೊಂದು ಕಡೆ. 2016ರ ಡಿಸೆಂಬರ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ 577 ಕುಟುಂಬಗಳ ಗುಡಿಸಲು ಕೆಡವಿದರಲ್ಲ, ಅವರಲ್ಲಿ ಬಹುಪಾಲು ಲೈನ್ ಮನೆ ಬಿಟ್ಟು ಬಂದವರು. ಸ್ವಂತ ಸೂರು ಕೇಳಿದವರು. ಹೋರಾಟ ಆಗಿ, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯಿತು. ಅಂದು ಏಳೆಂಟು ವರ್ಷದ ಮಗುವಾಗಿದ್ದವರು ಹದಿಹರೆಯ ಮುಟ್ಟಿದ್ದು ಒಂದು ಗುಡಿಸಲಿನಿಂದ ಇನ್ನೊಂದು ತಾತ್ಕಾಲಿಕ ಸೂರಿಗೆ ಹೋಗುತ್ತ. ಇಂಥ ಮಗು ಹಾಸ್ಟೆಲಿನಿಂದ ಓಡಿ ಬಂದರೆ ಅದಕ್ಕೆ ಓದು ಬೇಡ ಅಂತ ಅರ್ಥ ಮಾಡುವುದು ನಮ್ಮ ಸೋಮಾರಿತನ. ಆಡುವ ಮಾತು ಯರವ, ಪಾಠ ಕನ್ನಡದಲ್ಲಿ, ವಾರ್ಡನ್ ಊರೇ ಬೇರೆ. ನೀವು ನಾನು ಅಲ್ಲಿದ್ದರೂ ಓಡಿ ಬರುತ್ತಿದ್ದೆವು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಠಿಣ. ಶಾಲೆ ಬಿಟ್ಟ ಹದಿನಾರರ ಹುಡುಗಿ ಮದುವೆಗೆ ಬಂದ ಹುಡುಗಿ ಅಂತಲೇ ಲೆಕ್ಕ. ಅವಳು ಇಷ್ಟಪಟ್ಟವನ ಜೊತೆ ಹೋಗಿ ಸಂಸಾರ ಹೂಡಿದರೆ ಹಾಡಿಯಲ್ಲಿ ಅದು ಮದುವೆ, ಕೋರ್ಟಿನಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ (ಪೋಕ್ಸೊ) ಕೇಸು. ಪಕ್ಕದ ವಯನಾಡಿನಲ್ಲಿ ಪಣಿಯ ಸಮುದಾಯದ ಯುವಕರು ಹೀಗೆಯೇ ಜೈಲು ಸೇರಿದ್ದು ಹತ್ತು ವರ್ಷದ ಹಿಂದೆ ದೊಡ್ಡ ಸುದ್ದಿಯಾಗಿತ್ತು. ನಮ್ಮ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ, ಸಮ್ಮತಿಯ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಬೇಕು ಅಂದಿತು. ವಯಸ್ಸು ಇಳಿಸಬೇಕೋ ಬೇಡವೋ ಅದು ಬೇರೆ ಚರ್ಚೆ, ಇಳಿಸಬೇಕು ಅಂತ ನನಗೇನೂ ಅನ್ನಿಸುವುದಿಲ್ಲ. ಆದರೆ ದುಡಿಯಲು ದೊಡ್ಡವಳು, ಪ್ರೀತಿಸಲು ಚಿಕ್ಕವಳು, ಓದಲು ಲೆಕ್ಕಕ್ಕೇ ಇಲ್ಲದವಳು ಅಂತ ಒಂದೇ ಹುಡುಗಿಗೆ ಮೂರು ವಯಸ್ಸು ಕಟ್ಟಿದ್ದೇವೆ ಅನ್ನುವುದನ್ನಾದರೂ ಒಪ್ಪಬೇಕು.

ಬೆಳೆಗಾರರು: ಸರಿ, ಲೈನ್ ಮನೆಯ ಮಾತು ಒಪ್ಪಿದೆ ಅಂತ ಇಟ್ಟುಕೊಳ್ಳಿ. ನಮ್ಮ ಮಕ್ಕಳಿಗೂ ಅದೇ ಕಾರಣ ಅಂದಿರಲ್ಲ, ಅದು ಒಪ್ಪಿಗೆಯಿಲ್ಲ. ಹೊರಗೆ ಕಳಿಸುವುದು ಕೊಡಗಿನಲ್ಲಿ ಹೊಸದೇ? ಜನರಲ್ ತಿಮ್ಮಯ್ಯನವರನ್ನು ಎಂಟನೇ ವಯಸ್ಸಿಗೆ ಕೂನೂರಿನ ಶಾಲೆಗೆ ಕಳಿಸಿದರು, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್, ಆಮೇಲೆ ಡೆಹ್ರಾಡೂನ್. ಮನೆ ಬಿಟ್ಟು ಬೆಳೆದದ್ದರಿಂದಲೇ ಆ ಗಟ್ಟಿತನ ಬಂತು. ಇವತ್ತು ಮಗನನ್ನು ಮಂಗಳೂರಿಗೆ ಕಳಿಸಿದರೆ ಅವನಿಗೆ ಅನ್ಯಾಯ ಮಾಡಿದ ಹಾಗೆ ನೀವು ಮಾತಾಡುತ್ತೀರಿ.

ಮೇಷ್ಟ್ರು: ತಿಮ್ಮಯ್ಯನವರ ಜೊತೆ ಕಾರ್ಯಪ್ಪನವರನ್ನೂ ನೆನೆಯಿರಿ. ಅವರು ಓದಿದ್ದು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದದ್ದು 1917ರಲ್ಲಿ, ಶಾಲೆ ಮುಗಿದ ಮೇಲೆ. ಊರಲ್ಲಿ ಓದಿದವರು ಗಟ್ಟಿಯಾಗುವುದಿಲ್ಲ ಅನ್ನುವ ಮಾತು ಅಲ್ಲೇ ಬಿದ್ದುಹೋಗುತ್ತದೆ. ಹೊರಗೆ ಕಳಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆರಿಸಿಕೊಂಡು ಕಳಿಸುವುದು ಬೇರೆ, ಇಲ್ಲಿ ಗತಿಯಿಲ್ಲ ಅಂತ ಕಳಿಸುವುದು ಬೇರೆ. ಗಾಳಿಬೀಡಿನ ನವೋದಯ ಶಾಲೆ, ಕೂಡಿಗೆಯಲ್ಲಿ 2007ರಿಂದ ನಡೆಯುತ್ತಿರುವ ಸೈನಿಕ ಶಾಲೆ, ಅಲ್ಲಿಯ ಕ್ರೀಡಾಶಾಲೆ, ಇವುಗಳನ್ನು ನೋಡಿದರೆ ಈ ವಯಸ್ಸಿನವರನ್ನು ಜಿಲ್ಲೆಯೊಳಗೇ ಚೆನ್ನಾಗಿ ನೋಡಿಕೊಳ್ಳುವುದು ನಮಗೆ ಬಾರದ ವಿದ್ಯೆಯಲ್ಲ. ಪರೀಕ್ಷೆ ಬರೆದು ಆಯ್ಕೆಯಾದ ಕೆಲವರಿಗೆ ಅದು ಸಿಗುತ್ತದೆ. ಉಳಿದವರು ಹತ್ತನೇ ತರಗತಿ ಮುಗಿದ ಮಾರನೇ ದಿನ ಸೂಟ್‌ಕೇಸ್ ಕಟ್ಟುತ್ತಾರೆ. ಹೋಗುವ ಜಾಗದಲ್ಲಿ ಏನಿದೆ? ಬೆಳಿಗ್ಗೆಯಿಂದ ರಾತ್ರಿವರೆಗೆ ಕೋಚಿಂಗ್, ನಾಲ್ಕು ಮಂದಿಗೆ ಒಂದು ಕೋಣೆ, ಭಾನುವಾರ ಒಂದು ಫೋನು. ಊರಿನ ಜೊತೆ ಸಂಬಂಧ ಎಂದರೆ ಪುತ್ತರಿ ಹಬ್ಬಕ್ಕೆ ಬಂದು ಹೋಗುವುದು. ಹದಿಹರೆಯಕ್ಕೆ ಬೇಕಾದ ಒಂದು ಮುಖ್ಯ ವಸ್ತು ತಂದೆ ತಾಯಿಯಲ್ಲದ ದೊಡ್ಡವರು. ಅಪ್ಪನ ಮಾತು ಕೇಳದ ಹುಡುಗ ಚಿಕ್ಕಪ್ಪನ ಮಾತು ಕೇಳುತ್ತಾನೆ. ಕೊಡವ ಕುಟುಂಬಗಳು ತಂಡ ಕಟ್ಟಿ ಆಡುವ ಕೊಡವ ಹಾಕಿ ಉತ್ಸವದ ಬೆಲೆ ಇರುವುದು ನನ್ನ ಪ್ರಕಾರ ಅಲ್ಲೇ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ 60 ತಂಡಗಳಿಂದ ಶುರುಮಾಡಿದ್ದು 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಉತ್ಸವದ ಹೊತ್ತಿಗೆ 360 ತಂಡ ಆಗಿ ಗಿನ್ನೆಸ್ ದಾಖಲೆ ಸೇರಿತು. ದಾಖಲೆ ಇರಲಿ. ಒಂದೇ ಒಕ್ಕದ, ಅಂದರೆ ಒಂದೇ ಮನೆತನದ, ಹದಿನಾಲ್ಕರ ಹುಡುಗ, ಅವನ ಅತ್ತಿಗೆ, ಐವತ್ತು ದಾಟಿದ ದೊಡ್ಡಪ್ಪ ಒಂದೇ ತಂಡದಲ್ಲಿ ಓಡುವ ಆಟ ಇನ್ನೆಲ್ಲಿದೆ? ಹದಿಹರೆಯದವರಿಗೆ ಅಂತ ಯಾವ ಇಲಾಖೆ ಮಾಡಿದ ಕಾರ್ಯಕ್ರಮಕ್ಕಿಂತಲೂ ಇದು ದೊಡ್ಡದು. ಆದರೆ ಅದು ಬೇಸಿಗೆಯ ಕೆಲವು ವಾರ, ಒಕ್ಕ ಇರುವವರಿಗೆ. ಲೈನ್ ಮನೆಯ ಹುಡುಗ ಆ ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಾನೆ.

ಬೆಳೆಗಾರರು: ಮೊಬೈಲಿನ ಬಗ್ಗೆ ನೀವು ಒಂದು ಮಾತೂ ಆಡಲಿಲ್ಲ. ಈಗ ಲೈನ್ ಮನೆಯಲ್ಲೂ ಅದಿದೆ.

ಮೇಷ್ಟ್ರು: ಇದೆ, ಕೆಡುಕೂ ಇದೆ. ರಾತ್ರಿ ಎರಡು ಗಂಟೆವರೆಗೆ ರೀಲ್ಸ್ ನೋಡಿದ ಮಗುವಿಗೆ ಬೆಳಗಿನ ಪಾಠ ಹತ್ತುವುದಿಲ್ಲ. ಆದರೂ ಬಸ್ಸಿಲ್ಲದ ಊರಲ್ಲಿ, ಸಂಜೆ ಆರರ ಮೇಲೆ ಆನೆ ಭಯಕ್ಕೆ ಹೊರಗೆ ಕಾಲಿಡಲಾಗದ ಮನೆಯಲ್ಲಿ ಮೊಬೈಲನ್ನು ಕಿತ್ತುಕೊಂಡರೆ ಅದರ ಜಾಗದಲ್ಲಿ ಏನನ್ನು ಇಡುತ್ತೇವೆ ಅನ್ನುವುದಕ್ಕೆ ಉತ್ತರ ಇರಬೇಕು. ಮೊದಲು ನೀವು ಕೇಳಿದ ಮನಸ್ಸಿನ ವಿಷಯಕ್ಕೂ ಬರುತ್ತೇನೆ. ಮನಸ್ಸಿನ ಕಾಯಿಲೆ ಊಹೆಯಲ್ಲ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹದಿಮೂರರಿಂದ ಹದಿನೇಳರವರಲ್ಲಿ ಶೇಕಡಾ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಅಂದಿತು. ಈಗ 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಪುಕ್ಕಟೆ. ಇದನ್ನು ಪ್ರತಿ ಪ್ರೌಢಶಾಲೆಯ ಗೋಡೆ ಮೇಲೆ ಬರೆಸಬೇಕು. ಬರೆಸಿದರಷ್ಟೇ ಸಾಲದು, ಶಾಲೆಯೊಳಗೆ ಮಗು ಇರಬೇಕಲ್ಲ.

ಬೆಳೆಗಾರರು: ಹಾಗಾದರೆ ನಿಮಗೆ ಬೇಕಾದ್ದು ಏನು, ನೇರವಾಗಿ ಹೇಳಿ. ಒಂದು ಮಾತು ನೆನಪಿಡಿ. ಐದು ಎಕರೆ, ಹತ್ತು ಎಕರೆಯವರೇ ನಮ್ಮಲ್ಲಿ ಹೆಚ್ಚು. ಬೆಲೆ ಇಂದು ಇದೆ, ನಾಳೆ ಇಲ್ಲ. ಆಳು ಸಿಗದೆ ಅಸ್ಸಾಮಿನಿಂದ ಜನ ಕರೆಸುತ್ತಿದ್ದೇವೆ. ನೀವು ಹೇಳುವ ಖರ್ಚೆಲ್ಲ ನಮ್ಮ ತಲೆ ಮೇಲೆ ಬಿದ್ದರೆ ತೋಟ ಮಾರಿ ಹೋಂಸ್ಟೇ ಕಟ್ಟಬೇಕಾಗುತ್ತೆ.

ಮೇಷ್ಟ್ರು: ಅಸ್ಸಾಮಿನಿಂದ ಬಂದವರಿಗೂ ಮಕ್ಕಳಿದ್ದಾರೆ, ಅವರ ಪಾಡು ಇನ್ನೂ ಕೆಳಗಿನದು, ಅದಿರಲಿ. ಹಾಸ್ಟೆಲು, ಬಸ್ಸು ಸರಕಾರದ ಕೆಲಸ. ಎಂಟರಿಂದ ಹನ್ನೆರಡನೇ ತರಗತಿವರೆಗೆ ಹಾಡಿಯ ಮಕ್ಕಳಿಗೆ ಅವರದೇ ತಾಲ್ಲೂಕಿನಲ್ಲಿ ಹಾಸ್ಟೆಲು, ಅಲ್ಲಿ ಅವರ ಮಾತು ಬಲ್ಲ ಒಬ್ಬರಾದರೂ ಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಬಂದರೂ ಖಾಸಗಿ ಬಸ್ಸು ಮಾತ್ರ ಓಡುವ ದಾರಿಯ ಹುಡುಗಿಗೆ ಪಿಯು ಕಾಲೇಜಿಗೆ ಹೋಗಲು ದಿನಾ ದುಡ್ಡು ಬೇಕು, ಆ ದಾರಿಗಳಿಗೆ ಸರಕಾರಿ ಬಸ್ಸು ಬರಬೇಕು. ತೋಟದವರಿಂದ ಬೇಕಾದ್ದು ಹಣಕ್ಕಿಂತ ಹೆಚ್ಚಾಗಿ ಒಂದು ಕಟ್ಟುಪಾಡು. ಶಾಲೆ ಇರುವ ದಿನ ಹದಿನೆಂಟರ ಒಳಗಿನವರು ಬಿಡಿಸಿದ ಹಣ್ಣನ್ನು ತೂಗುವುದಿಲ್ಲ ಅಂತ ಊರಿಗೆ ಊರೇ ತೀರ್ಮಾನ ಮಾಡಬೇಕು. ಲೈನಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಕೊಯ್ಲಿನ ಮೂರು ತಿಂಗಳು ಒಬ್ಬ ಹೆಂಗಸಿಗೆ ಕೂಲಿ ಕೊಟ್ಟರೆ ನಾಲ್ಕೈದು ಅಕ್ಕಂದಿರು ಶಾಲೆಗೆ ಹೋಗುತ್ತಾರೆ. ಅಷ್ಟು ಕೂಲಿಯನ್ನು ಅಕ್ಕಪಕ್ಕದ ನಾಲ್ಕು ತೋಟ ಹಂಚಿಕೊಂಡರೆ ಯಾರ ಲೆಕ್ಕವೂ ಏರುಪೇರಾಗುವುದಿಲ್ಲ.

ಬೆಳೆಗಾರರು: ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿನ ಮಾತು ಆಗಬಹುದು. ಅದಕ್ಕೆ ಯಾರೂ ಬೇಡ ಅನ್ನಲಾರರು. ತೂಕದ ಮಾತು ಕಷ್ಟ. ಒಬ್ಬ ತೂಗುವುದಿಲ್ಲ ಅಂದರೆ ಆ ಕುಟುಂಬ ಪಕ್ಕದ ತೋಟಕ್ಕೆ ಹೋಗುತ್ತೆ, ತೂಗದವನ ತೋಟದಲ್ಲಿ ಹಣ್ಣು ಉದುರುತ್ತೆ.

ಮೇಷ್ಟ್ರು: ಅದಕ್ಕೇ ಒಬ್ಬರಿಂದ ಆಗದು ಅಂದೆ. ನಿಮ್ಮ ಸಂಘಗಳ ಸಭೆಯಲ್ಲಿ ಪ್ರತಿ ವರ್ಷ ಬೆಲೆ, ಆನೆ, ಆಳಿನ ಅಭಾವ ಮೂರೂ ಚರ್ಚೆಗೆ ಬರುತ್ತವೆ. ನಾಲ್ಕನೆಯದಾಗಿ ಇದನ್ನೂ ಸೇರಿಸಿ. ಅಕ್ಟೋಬರ್ ಒಳಗೆ ಸೇರಿಸಿ, ನವೆಂಬರ್ ಬಂದರೆ ಕೊಯ್ಲು ಶುರುವಾಗಿರುತ್ತೆ.